ಮಧ್ಯಾಹ್ನ ಸಾಯುವ ಡಬ್ಬಿ

ಮಾರ್ಚ್ 11, ಮಂಗಳವಾರ. ಸಂಜೆ 6

ಇವತ್ತೂ ಅದೇ. ಬಿಸಿ ಪೆಟ್ಟಿಗೆಯಲ್ಲಿ ಐದು ಡಬ್ಬಿ ಇಟ್ಟೆ, ಐವತ್ತೈದು ಡಿಗ್ರಿ. ನಲವತ್ತು ನಿಮಿಷಕ್ಕೆ ಮೂರು ಸತ್ತವು. ತಣ್ಣಗಾದ ಮೇಲೆ ತಾವೇ ಎದ್ದವು. ಫೇಲ್ ಅಂತ ಬರೆದೆ. ಮೂರನೇ ಸಲ.

ಹದಿನೇಳು ವರ್ಷ ಸೋಮನಹಳ್ಳಿಯ ಈ ಶೆಡ್ಡಿನಲ್ಲಿ. ಮೊದಲು ಲ್ಯಾಂಡ್‌ಲೈನ್ ಫೋನಿನ ಬಿಡಿಭಾಗ, ಆಮೇಲೆ ಕೇಬಲ್ ಟಿವಿ ಬಾಕ್ಸು. ಎರಡೂ ಹೋದವು. ಈಗ ವೈರಿಲ್ಲದ ಬ್ರಾಡ್‌ಬ್ಯಾಂಡ್. ತಾರಸಿಯ ಮೇಲೆ ಕೂತು ಟವರಿನ ಸಿಗ್ನಲ್ ಹಿಡಿದು ಮನೆಯೊಳಗೆ ಇಂಟರ್ನೆಟ್ ಕೊಡುವ ಬಿಳಿ ಡಬ್ಬಿ. ದೊಡ್ಡ ದೊಡ್ಡ ಕಂಪನಿಗಳೆಲ್ಲ ಇದಕ್ಕೇ ಮುಗಿಬಿದ್ದಿವೆ. ನಮಗೆ ಸಿಕ್ಕ ಮೊದಲ ಆರ್ಡರ್, ಮಳವಳ್ಳಿ ತಾಲ್ಲೂಕಿಗೆ ನಾನೂರು.

ಡಬ್ಬಿಯ ಬೆನ್ನಿಗೆ ಶಾಖ ಹೀರಲು ಅಲ್ಯೂಮಿನಿಯಂ ತಟ್ಟೆ ಇರಬೇಕು. ಡ್ರಾಯಿಂಗಿನಲ್ಲಿ ದಪ್ಪ. ಬಂದಿರುವುದು ಬಿಸ್ಕತ್ ಡಬ್ಬದ ಮುಚ್ಚಳದಷ್ಟು ತೆಳ್ಳಗೆ! ಪ್ರೊಡಕ್ಷನ್ ಮ್ಯಾನೇಜರ್ ಶಶಿಧರ್‌ಗೆ ತೋರಿಸಿದೆ.

"ಮಳವಳ್ಳೀಲಿ ಐವತ್ತೈದು ಡಿಗ್ರಿ ಯಾವತ್ತು ಬಂದದೆ ಮೇಡಂ? ಅದೇನು ಮರಳುಗಾಡಾ?"

ಗಾಳಿಯ ಬಿಸಿ ಬೇರೆ, ತಾರಸಿಯ ಮೇಲೆ ಬಿಸಿಲಿಗೆ ಕೂತ ಡಬ್ಬಿಯೊಳಗಿನ ಬಿಸಿ ಬೇರೆ ಅಂದೆ. ಫೋನು ನೋಡುತ್ತಾ ಹೋದ.

ಮಾರ್ಚ್ 19, ಬುಧವಾರ

ಲೋಡಾಯಿತು. ನಾನೂರೂ. ನಾನು ರಜೆಯಲ್ಲಿದ್ದ ದಿನ ನೋಡಿಕೊಂಡು.

ರಿಪೋರ್ಟ್ ತೆಗೆಸಿ ನೋಡಿದೆ. ಪಾಸ್. ಐದಕ್ಕೆ ಐದು. ಕೆಳಗೆ ಹೆಸರು — ಚೂಡಾಮಣಿ, ಟೆಸ್ಟ್ ವಿಭಾಗ. ನನ್ನ ಲಾಗಿನ್ನಲ್ಲೇ ಹಾಕಿದ್ದಾರೆ.

ಮಾಲೀಕರು ಕಸ್ತೂರಿರಂಗ. ನೇರ ಅವರ ಛೇಂಬರಿಗೆ. ತಲೆಯೆತ್ತಲಿಲ್ಲ. "ಇದೊಂದು ಆರ್ಡರ್ ದಾಟಲಿ ಚೂಡಾಮಣಿ. ಮುಂದಿನದಕ್ಕೆ ದಪ್ಪ ತಟ್ಟೆ ಹಾಕೋಣ. ಈ ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯಲ್ಲ. ಲೈನಿನಲ್ಲಿ ನಲವತ್ತು ಹೆಣ್ಣುಮಕ್ಕಳಿದ್ದಾರೆ, ಯೋಚನೆ ಮಾಡು."

ಯೋಚನೆ ಮಾಡಿದೆ. ಸುಮ್ಮನೆ ಬಂದೆ. ಅದಕ್ಕೇ ಇಷ್ಟು ಸಿಟ್ಟು... ಅವರ ಮೇಲಲ್ಲ.

ಏಪ್ರಿಲ್ 8, ಮಂಗಳವಾರ

ಮಳವಳ್ಳಿ ಕಡೆ ಡಬ್ಬಿ ಕೂರಿಸುವ ಫಿಟ್ಟರ್ ಜಯಪ್ರಕಾಶ್ ಫೋನ್ ಮಾಡಿದ.

"ಮೇಡಂ, ಏನ್ ಮಾಡಿ ಕಳ್ಸಿದ್ದೀರಿ? ಮದ್ಯಾನ ಸತ್ತೋಯ್ತದೆ, ಸಂಜೆಗೆ ತಾನೇ ಎದ್ಬತ್ತದೆ. ಜನ ನನ್ನ ಮಕಕ್ಕೆ ಉಗೀತಾವ್ರೆ. ಬ್ಲಫ್ ಊರ್ ತಾವ ಒಂದು ಆನ್‌ಲೈನ್ ಸೆಂಟರ್ ಅದೆ, ಬಂದು ನೋಡಿ ಒಂದ್ಸಲ."

ಶಶಿಧರ್‌ಗೆ ಹೇಳಿದರೆ, "ಟವರ್ ಪ್ರಾಬ್ಲಮ್ಮು, ಬುಡಿ."

ಏಪ್ರಿಲ್ 16, ಬುಧವಾರ. ರಾತ್ರಿ 8

ರಜೆ ಹಾಕಿ ಹೋದೆ. ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಬ್ಲಫ್ ಬಸ್ಸು. ರಸ್ತೆಬದಿಯಲ್ಲಿ ಶ್ವೇತ ಅನ್ನುವ ಹುಡುಗಿಯ ಆನ್‌ಲೈನ್ ಸೆಂಟರ್. ಒಂದು ಕಂಪ್ಯೂಟರು, ಒಂದು ಪ್ರಿಂಟರು, ತಾರಸಿಯ ಮೇಲೆ ನಮ್ಮ ಡಬ್ಬಿ. ಹಳ್ಳದಂಥ ಜಾಗ, ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ.

ಒಳಗೆ ಇಂದ್ರಮ್ಮ ಕೂತಿದ್ದಳು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ. ಒಂದು ಸರ್ಟಿಫಿಕೇಟು ನಿನ್ನೆ ಸಂಜೆ ತಾನೆ ಕೈಗೆ ಬಂದದ್ದು. ಇವತ್ತು ಕಡೇ ದಿನ, ಐದೂವರೆಗೆ ಬಂದ್. ಬೆಳಿಗ್ಗೆಯಿಂದ ಉದ್ದನೆಯ ಸಾಲು. ಇವಳ ಸರದಿ ಬರುವಾಗ ಹನ್ನೆರಡು. ಡಬ್ಬಿ ಸತ್ತಿತು.

"ಸಂಜಿಕೆ ಬತ್ತದೆ ಕಣಕ್ಕ, ದಿನಾ ನಾಕೂವರೆಗೆ ಬತ್ತದೆ," ಅಂತ ಶ್ವೇತ ಸಮಾಧಾನ ಹೇಳುತ್ತಲೇ ಇದ್ದಳು.

ನಾಲ್ಕೂವರೆ. ಬರಲಿಲ್ಲ. ಮಳವಳ್ಳಿಗೆ ಓಡಿಹೋಗೋಣ ಅಂದರೆ ಬಸ್ಸು ಆಗಲೇ ಹೊರಟುಹೋಗಿತ್ತು. ಏಣಿ ಹತ್ತಿ ಡಬ್ಬಿಯ ಬೆನ್ನಿಗೆ ಥರ್ಮಾಮೀಟರ್ ಒತ್ತಿದೆ. ಅರವತ್ತೊಂದು. ಗೋಣಿಚೀಲ ನೆನೆಸಿ ಹೊದಿಸಿದೆ. ಕೊಡಗಟ್ಟಲೆ ನೀರು ಸುರಿದೆ. ಐದು ಹತ್ತಕ್ಕೆ ಹಸಿರು ದೀಪ!

ಕೆಳಗಿನಿಂದ ಶ್ವೇತ ಕೂಗಿದಳು, "ಬಂತು! ಬಂತು! ಪೋಟೊ ಓಯ್ತಾ ಅದೆ!"

ಮತ್ತೆ ಕೆಂಪು. ಮತ್ತೆ ನೀರು. ಮತ್ತೆ ಹಸಿರಾದಾಗ ಐದು ಮೂವತ್ತೆರಡು.

ಇಂದ್ರಮ್ಮ ಅಳಲಿಲ್ಲ. "ಮುಂದಿನ ಸಲಕ್ಕೆ ನಂಗೆ ವಯಸ್ಸು ದಾಟೋಯ್ತದೆ ಕಣವ್ವ," ಅಂದಳು, ಅಷ್ಟೆ. ಆಮೇಲೆ ಶ್ವೇತಳ ಕಡೆ ತಿರುಗಿ, "ನೆಟ್ ಅದೆ ಅಂತ ಬೋರ್ಡು ಯಾಕಮ್ಮಿ ತಗಲಾಕಿದೆ?"

ಶ್ವೇತ ನನ್ನ ಕಡೆ ನೋಡಿದಳು. ಡಬ್ಬಿಯ ಮೇಲಿನ ಸ್ಟಿಕರ್ ಅವಳು ದಿನಾ ನೋಡುತ್ತಾಳೆ. ಪರೀಕ್ಷಿಸಿದವರು — ಚೂಡಾಮಣಿ.

"ನಿಮ್ಮೆಸ್ರು ಏನು ಅಂದ್ರಿ ಮೇಡಂ?"

ಹೇಳಿದೆ.

"ಪರೀಕ್ಷೆ ಮಾಡಿ ಕಳ್ಸುದ್ರಾ? ಇದುನ್ನಾ? ಇಲ್ಲೀವರ್ಗೂ ಬಂದು ನೀರು ಉಯ್ಯೋ ಬದ್ಲು ಅಲ್ಲೇ ಒಂದು ಮಾತು ಬೇಡ ಅಂದಿದ್ರೆ ಆಯ್ತಿರ್ಲಿಲ್ವಾ?"

ಬೇಡ ಅಂದಿದ್ದೆ. ಮೂರು ಸಲ. ಆದರೆ ಆಮೇಲೆ ಸುಮ್ಮನಾಗಿದ್ದೆನಲ್ಲ.

ಏಪ್ರಿಲ್ 17. ಬೆಳಿಗ್ಗೆ

ಡಬ್ಬಿ ಕೊಂಡ ನೆಟ್‌ವರ್ಕ್ ಕಂಪನಿಗೆ ಮೇಲ್ ಹಾಕಿದೆ. ನನ್ನ ಮೂರು ಫೇಲ್ ರಿಪೋರ್ಟು, ತಾರಸಿಯ ಫೋಟೊ, ಅರವತ್ತೊಂದು. ಪಾಸ್ ಅನ್ನುವ ಕಾಗದ ನನ್ನದಲ್ಲ ಅಂತಲೂ. ಮಾರ್ಚ್ ಹತ್ತೊಂಬತ್ತಕ್ಕೇ ಇದು ನನಗೆ ಗೊತ್ತಿತ್ತು ಅಂತಲೂ.

ಏಪ್ರಿಲ್ 30, ಬುಧವಾರ

ಆರ್ಡರ್ ನಿಂತಿತು. ಡಬ್ಬಿಗಳನ್ನೆಲ್ಲ ಬಿಚ್ಚಿಸುತ್ತಾರಂತೆ, ಬೇರೆ ಕಂಪನಿಯದು ಹಾಕುತ್ತಾರಂತೆ. ನಮ್ಮ ಲೈನ್ ಬಂದ್. ಮೊದಲು ಕೆಲಸದಿಂದ ತೆಗೆದದ್ದು ನನ್ನನ್ನು.

ಗೇಟಿನ ಹತ್ತಿರ ಅರ್ಪಿತ ಅಡ್ಡಗಟ್ಟಿದಳು. ಲೈನಿನಲ್ಲಿ ಬೆಸುಗೆ ಹಾಕುವವಳು, ನಾನೇ ಕಲಿಸಿದ್ದು. "ನಿಮ್ಗೇನು, ಡಿಪ್ಲೊಮಾ ಅದೆ, ಎಲ್ಲಾದ್ರೂ ಸೇರ್ಕತೀರಿ. ನಾವು? ಸತ್ಯ ಯೋಳಕ್ಕೆ ನಮ್ಮ ಅನ್ನನೇ ಬೇಕಿತ್ತಾ?"

ತಟ್ಟೆ ತೆಳ್ಳಗೆ ಮಾಡಿದವರನ್ನು ಕೇಳು ಅಂತ ಕಿರುಚಿದೆ. ರಸ್ತೆಯಲ್ಲಿ. ಜನ ನಿಂತು ನೋಡಿದರು. ನೋಡಲಿ. ಕಿರುಚಬಾರದಿತ್ತು, ಅವಳ ಮೇಲೆ.

ಮೇ 5, ಸೋಮವಾರ

ಇಂದ್ರಮ್ಮನ ಜೊತೆ ಮಂಡ್ಯಕ್ಕೆ, ಅಂಗನವಾಡಿ ನೇಮಕಾತಿ ನೋಡುವ ಕಚೇರಿಗೆ. ಅಧಿಕಾರಿ ಒರಟಲ್ಲ. ಪೂರ್ತಿ ಕೇಳಿಸಿಕೊಂಡರು. ಅರ್ಧ ತುಂಬಿದ ಅರ್ಜಿ ಸಿಸ್ಟಮ್ಮಿನಲ್ಲಿ ಇದೆಯಂತೆ. "ಯಂತ್ರದ ದೋಷ ಅಂತ ತಯಾರಿಸಿದ ಕಂಪನಿಯೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಮೇಲಕ್ಕೆ ಕಳಿಸ್ತೀನಿ. ಸೀಲು ಬೇಕು. ನೀವು ಈಗ ಆ ಕಂಪನಿಯಲ್ಲಿ ಇಲ್ಲವಲ್ಲ?"

ಇಲ್ಲ.

ಮೇ 6, ಮಂಗಳವಾರ. ಮಧ್ಯಾಹ್ನ

ಮದ್ದೂರಿನಲ್ಲಿ ಕಸ್ತೂರಿರಂಗರ ಮನೆ. ಇಂದ್ರಮ್ಮನನ್ನೂ ಕರೆದುಕೊಂಡೇ ಹೋದೆ. ಒಳಗೆ ಕರೆಯಲಿಲ್ಲ, ಜಗಲಿಯಲ್ಲೇ ನಿಂತರು. ಗಡ್ಡ ಬಿಟ್ಟಿದ್ದಾರೆ.

"ಕಂಪನಿ ಮುಚ್ಚಿಸಿದವಳು ನೀನು. ಈಗ ಪತ್ರ ಬೇರೆ ಬರೆದುಕೊಡಬೇಕಾ ನಿನಗೆ?"

"ನನಗಲ್ಲ. ಇವರಿಗೆ."

"ಬರೆದರೆ ಅದೇ ನನ್ನ ಮೇಲೆ ಸಾಕ್ಷಿ ಆಗುತ್ತೆ. ಗೊತ್ತಾ?"

"ಗೊತ್ತು."

ಇಂದ್ರಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಮೇಲೆ ಕೇಸಾಕಕ್ಕೆ ಬಂದಿಲ್ಲ ಸೋಮಿ. ನಾನು ಸುಳ್ಳಿ ಅಲ್ಲ ಅಂತ ಒಂದು ಮಾತು ಬರ್ಕೊಡಿ. ಬೆಳಗ್ಗಿಂದ ಕೂತಿದ್ದೆ ಅಂತ."

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಲೆಟರ್‌ಹೆಡ್ಡು, ಸೀಲು ತಂದರು. ನಾನು ಹೇಳಿದೆ, ಅವರು ಬರೆದರು. "ನಮ್ಮ ಉಪಕರಣದ ದೋಷದಿಂದ" ಅನ್ನುವಲ್ಲಿ ಪೆನ್ನು ನಿಂತಿತು. ನಾನು ಇನ್ನೊಮ್ಮೆ ಹೇಳಿದೆ. ಬರೆದರು.

ಥ್ಯಾಂಕ್ಸ್ ಹೇಳಲಿಲ್ಲ.

ಮೇ 7, ಬುಧವಾರ. 12.40, ಕಚೇರಿಯ ಬೆಂಚು

ಪತ್ರ ತೆಗೆದುಕೊಂಡರು. ಸೀಲು ಬಿತ್ತು, ನಂಬರ್ ಬಿತ್ತು. ಇಂದ್ರಮ್ಮನ ಅರ್ಜಿ ಪರಿಶೀಲನೆಗೆ ಹೋಯಿತು. ರಸೀದಿಯನ್ನು ಎರಡು ಸಲ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಏಳುವಾಗ ಅಧಿಕಾರಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಅದೇ ದಿನ, ಅದೇ ತಾಲ್ಲೂಕು, ಅರ್ಧಕ್ಕೆ ನಿಂತ ಅರ್ಜಿಗಳು ಇನ್ನೂ ಹನ್ನೊಂದು. "ಇವೂ ನಿಮ್ಮ ಡಬ್ಬಿಯೇನಾ ಮೇಡಂ?"

ಹನ್ನೊಂದು! ಒಬ್ಬಳೂ ಇಲ್ಲಿಗೆ ಬಂದಿಲ್ಲ. ತಮ್ಮದೇ ಹಣೆಬರಹ ಅಂದುಕೊಂಡು ಮನೆಯಲ್ಲಿ ಕೂತಿದ್ದಾರೆ.

ಇವತ್ತೇ ಮತ್ತೆ ಕಸ್ತೂರಿರಂಗರ ಮನೆಗೆ. ಇನ್ನೂ ಹನ್ನೊಂದು ಪತ್ರ. ಬಯ್ಯಲಿ. ಅಧಿಕಾರಿ ಓದುತ್ತಿದ್ದಾರೆ, ಹೆಸರು ಬರೆದುಕೊಳ್ಳುತ್ತಿದ್ದೇನೆ. ಮಲ್ಲಿಗಮ್ಮ. ದೀಪಿಕ. ಇನ್ನೊಬ್ಬಳು ದೀಪಿಕ. ಇನ್ನೂ ಎಂಟು ಹೆಸರು.