ಸವತಿ ಎಕ್ಕಿ

೧೨ ಮಾರ್ಚ್ ೧೯೩೮, ಯಲವಿಗಿ
ರೊಟ್ಟಿ ಆತು. ಎಮ್ಮಿ ಹಿಂಡಿದ್ದಾತು. ಕುಳ್ಳು ತರಾಕ ರೈಲ್ವೆ ಲೈನಿನ ಕಡೆ ಹೋಗಿದ್ದೆ. ಕಡದ ಎಕ್ಕಿ ಗಿಡ ಚಿಗತೈತಿ. ಬೂದಿ ಬಡದಂಥ ದಪ್ಪ ಎಲಿ.

ಮನಿಯವರ ಮೂರನೇ ಲಗ್ನ ಈ ಗಿಡದ ಕೂಡ ಆಗಿತ್ತು. ಪರಮೇಶ್ವರಪ್ಪ — ಇಲ್ಲಿ ಹೆಸರು ಬರದ್ರ ಯಾರು ಕೇಳ್ತಾರ. ಮೊದಲಿನ ಇಬ್ಬರು, ಹೊನ್ನವ್ವ, ಸರೋಜವ್ವ, ಹೆರಿಗಿಯೊಳಗ ಹೋದ್ರು. ಮೂರನೇದಾಕಿನೂ ಉಳಿಯಂಗಿಲ್ಲ ಅಂತ ಅತ್ತಿ ಎಕ್ಕಿಗೆ ತಾಳಿ ಕಟ್ಟಿಸಿ, ಕಡಿಸಿ, ನನ್ನ ನಾಲ್ಕನೇದಾಕಿ ಅಂತ ಮನಿ ತುಂಬಿಸ್ಕೊಂಡ್ರು.

ಚಿಗತದ್ದು ಅತ್ತಿಗೆ ಹೇಳಲಿಲ್ಲ. ಹೇಳೂದೂ ಇಲ್ಲ.

೧೫ ಮಾರ್ಚ್
ನಮ್ಮ ತಿಳವಳ್ಳ್ಯಾಗ ಗದ್ದಿ, ಕಾಲಿಟ್ಟಲ್ಲಿ ಕೆಸರು. ಇಲ್ಲಿ ನೆಲ ಬಾಯಿ ಬಿಟ್ಟೈತಿ. ಲೈನಿನ ದಿಬ್ಬದಾಗ ಖಡಿ, ಗರಸು — ಹುಲ್ಲು ಸೈತ ಸತ್ತೈತಿ. ಎಕ್ಕಿ ಮಾತ್ರ ಸಾಲಾಗಿ ನಿಂತಾವ, ಮಬ್ಬು ನೇರಳೆ ಹೂವು ಬಿಟ್ಟು. ಆಡೂ ಮುಟ್ಟಂಗಿಲ್ಲ. ಯಾರು ನೀರು ಹಾಕ್ಯಾರ?

ಮುಟ್ಟು ನಿಂತು ಎರಡು ತಿಂಗಳಾತು.

೨ ಏಪ್ರಿಲ್, ಸಂಜಿಕೆ
ಮನಿಯವರಿಗೆ ಹೇಳಿದೆ. ಮುಖ ಬಿಳಚಿತು.
"ಹುಬ್ಬಳ್ಳಿ ದವಾಖಾನಿಗೆ ಹೋಗ್ತೇನ್ರಿ" ಅಂದೆ. "ಸ್ಟೇಶನ್ ಮನಿ ಮುಂದ ಐತಿ."
"ಅವ್ವ ಒಪ್ಪೂದಿಲ್ಲ."
"ನೀವು ಒಪ್ತೀರಿ?"
ಎದ್ದು ಟೊಪಿಗಿ ತಲಿಗಿಟ್ಕೊಂಡ್ರು. ಆಮ್ಯಾಲ — "ಸರೋಜಿ ಬ್ಯಾನಿ ತಿನ್ನಾಕತ್ತಾಗ ರೈಲಿನ ಸಪ್ಪಳ ಕೇಳತಿತ್ತು. ಹುಬ್ಬಳ್ಳಿ ಗಾಡಿ."
ಉಣ್ಣದ ಅಂಗಡಿಗೆ ಹೋದ್ರು. ಒಪ್ಪಿಗಿ ಅಂತ ತಿಳ್ಕೊಂಡೇನಿ.

೨೦ ಮೇ
ಅತ್ತಿ ನೋಡಿದ್ರು. ಗಿಡ ನಡಮಟ ಬೆಳದೈತಿ, ಹೂವೂ ಬಿಟ್ಟೈತಿ. ಬಂದು ಅಂಗಳದಾಗ ಕುಂತುಬಿಟ್ರು.
"ಸತ್ತಿಲ್ಲ ಆಕಿ. ಹಂಗಾರ ಸಾಯೂ ಮೂರನೇದಾಕಿ ನೀನ."
"ಗಿಡದ ಗುಣ ಅದು, ಅತ್ತಿ. ಕಡದ್ರ ಚಿಗೀತೈತಿ."
"ಬೇರು ಸಮೇತ ತಗೀತೇನಿ."

೨೩ ಮೇ
ಅತ್ತಿ ಕಬ್ಬಿಣದ ಹಾರಿ ಹೊತ್ಕೊಂಡು ತಾವೇ ಹೋದ್ರು. ಬೆನ್ನು ಹತ್ತಿದೆ. ಉರಿಬಿಸಿಲು. ಗರಸಿನ ನೆಲ, ಹಾರಿ ಠಣ್ ಅಂತ ಹಾರತಿತ್ತು. ಮೊಣಕಾಲ ಆಳ ತಗದ್ರು. ಬೇರು ತೋಳಿನ ದಪ್ಪ, ನೆಟ್ಟಗ ಕೆಳಗ ಹೋಗೈತಿ, ತುದಿ ಕಾಣವಲ್ದು. ಹಾಲು ಸುರಿದು ಕೈಯೆಲ್ಲಾ ಅಂಟು.
"ಕಣ್ಣು ಒರಸ್ಕೋಬ್ಯಾಡ್ರಿ, ಎಕ್ಕಿ ಹಾಲು ಕೆಟ್ಟದ್ದು." ಸೆರಗಿಲೆ ಕೈ ಒರಸಿದೆ.
"ಇಬ್ಬರ ತಲಿನೂ ನನ್ನ ತೊಡಿ ಮ್ಯಾಲ ಇತ್ತು, ಸುಶೀಲಾ" ಅಂದ್ರು. "ಇನ್ನೊಂದು ತಲಿ ಹಿಡೀಲಾರೆ."
ಇಷ್ಟು ದಿನ ನನಗ ಹೆದರಿಸ್ತಾರ ಅಂದ್ಕೊಂಡಿದ್ದೆ. ಅವರೇ ಹೆದರಿದ್ರು.
"ಹುಬ್ಬಳ್ಳಿಗೆ ಬರ್ರಿ ನನ್ನ ಕೂಡ."
"ಅಲ್ಲೇನು ಮಾಡ್ತಾರ?"
"ಗೊತ್ತಿಲ್ರಿ. ಇಲ್ಲಿ ಏನಾಗೈತಿ ಅನ್ನೂದು ಗೊತ್ತೈತಿ."
ಹಾರಿ ಅಲ್ಲೇ ಬಿಟ್ಟು ಮನಿ ಕಡೆ ನಡದ್ರು. ಕಾಲಿಲೆ ಮಣ್ಣು ದಬ್ಬಿ ಕುಣಿ ಮುಚ್ಚಿದೆ.

೧೦ ಜುಲೈ
ಮಳಿ ಹಿಡದೈತಿ. ಓಣಿ ಹೆಣ್ಮಕ್ಕಳು ಗುದ್ದಲಿ ತಗೊಂಡು ಬಂದಿದ್ರು — ಗಿಡ ಕಿತ್ತು ಒಗೀತೀವಿ, ಇಲ್ಲಾಂದ್ರ ನಿಮ್ಮ ಸೊಸಿಗೆ ಕೆಡಕು, ಅಂತ. ಅತ್ತಿ ಅಕ್ಕಿ ಹಸನ ಮಾಡತಿದ್ರು. ಮೊರದಿಂದ ತಲಿ ಎತ್ತಲಿಲ್ಲ.
"ತಾಳಿ ಕಟ್ಟಿಸಿದಾಕಿ ನಾನು. ಅದೂ ನಮ್ಮ ಮನಿ ಸೊಸಿನ. ಇರ್ಲಿ ಬಿಡ್ರಿ."
ಅಡಗಿ ಮನ್ಯಾಗ ಸೆರಗು ಬಾಯಿಗೆ ಒತ್ತಿ ನಿಂತೆ. ನಗು ಬಂತೋ ಅಳು ಬಂತೋ.

೧೮ ಸೆಪ್ಟೆಂಬರ್
ಸೂಲಗಿತ್ತಿ ಖತೀಜಾಬಿ ಬಂದು ಹೊಟ್ಟಿ ಮುಟ್ಟಿ ನೋಡಿದ್ಲು. ಕೂಸು ಅಡ್ಡ ಐತಿ ಅಂತ ಅತ್ತಿಗೆ ಹೇಳಿದ್ಲು.
"ನನ್ನ ಕೈಲೆ ಆಗೂ ಕೆಲಸಲ್ಲ, ಫಕ್ಕೀರವ್ವ. ತಡಾ ಮಾಡಬ್ಯಾಡ್ರಿ, ರೈಲು ಹತ್ರಿ."
ಅತ್ತಿ ದೇವರ ಅಂಗಾರದ ಬೂದಿ ಹಚ್ಚಿದ್ರು ನನ್ನ ಹಣಿಗೆ. ಎಂದೂ ರೈಲು ಹತ್ತಿದಾಕಿ ಅಲ್ಲ ಈ ಮುದುಕಿ. ಎದ್ದು ಬುತ್ತಿ, ಗಂಟು ಕಟ್ಟಾಕತ್ತಾರ, ಎರಡು ಹಳೇ ಸೀರಿ, ಚಟ್ನಿಪುಡಿ.
"ನನಗ ಕಿಡಕಿ ಬ್ಯಾಡ. ಕಣ್ಣು ತಿರಗತಾವ."
ಬರ್ತಾರ.

೧೯ ಸೆಪ್ಟೆಂಬರ್, ರೈಲಿನಾಗ
ಗಾಡಿ ಅಲಗತೈತಿ, ಅಕ್ಷರ ಸೊಟ್ಟ ಆಗಾಕತ್ತಾವ. ಕುಂದಗೋಳ ದಾಟಿತು. ಲೈನಿನ ಗುಂಟ ಎಕ್ಕಿನ ಎಕ್ಕಿ — ಮಳಿ ಬಂದರೂ ಅಷ್ಟ, ಬರದಿದ್ರೂ ಅಷ್ಟ. ಅತ್ತಿ ಕಿಡಕಿ ಬಿಟ್ಟು ಕದಲವಲ್ರು. ಮನಿಯವರು ಎದುರಿಗೆ, ನನ್ನ ಕಾಲುಂಗರ ನೋಡ್ಕೋತ ಕುಂತಾರ.
ಹೆದರಿಕಿ ಐತಿ. ಇದ್ರೂ ಹೋಗಾಕತ್ತೇನಿ.

೧೧ ಅಕ್ಟೋಬರ್, ಹುಬ್ಬಳ್ಳಿ
ಹೆಣ್ಣು. ಮೂರು ದಿನಾತು. ಡಾಕ್ಟರಬಾಯಿ ಹೊಟ್ಟ್ಯಾಗ ಕೈ ಹಾಕಿ ತಿರುವಿ ತಗದ್ರು. ಬಾಳ ರಕ್ತ ಹೋತು. ಇವತ್ತ ಎದ್ದು ಕುಂತೇನಿ. ಮನಿಯವರು ಕೂಸಿನ ಬೆರಳು ಒಂದೊಂದ ಬಿಡಿಸಿ ನೋಡಿದ್ರು.
ಅತ್ತಿ ಆಗಲೇ ವಾರ್ಡಿನ ಎಲ್ಲಾರ ಹೆಸರು ಕಲತಾರ. ಬಾಜೂಕಿನ ಬಾಣಂತಿಗೆ ಚಟ್ನಿಪುಡಿ ಹಂಚ್ಯಾರ.
"ಮುಂದಿನ ಕೂಸಿಗೆ ಎಂಟನೇ ತಿಂಗಳಿನಾಗ ಬಂದುಬಿಡೂನು" ಅಂದ್ರು.
"ಮೊದಲು ಇದು ಮಲಗ್ಲಿ, ಅತ್ತಿ."
ಕೂಸು ಎದ್ದಿತು. ಹಾಲು ಕುಡಿಸಿ ಆಮ್ಯಾಲ ಬರೀ—