ನೀರಿನ ಟಾಕಿಯ ಬಳಿ ಕಂಡವನು

ಮೆಹದಿಪಟ್ಟಣಂ, ಹೈದರಾಬಾದ್
೨ ಡಿಸೆಂಬರ್ ೨೦೦೭, ರವಿವಾರ

ಸೌಭಾಗ್ಯವತಿ ವನಜಾಳಿಗೆ ಯಜಮಾನನ ಅನೇಕ ಆಶೀರ್ವಾದಗಳು.

ದೀಪಾವಳಿ ಮುಗಿಸಿ ಊರಿಗೆ ಹೋದವಳಿಗೆ ಇಲ್ಲಿಯವರೆಗೆ ಒಂದು ಕಾಗದ ಹಾಕಲಿಲ್ಲವೆಂದು ಸಿಟ್ಟಾಗಬೇಡ. ಫೋನಿರುವಾಗ ಕಾಗದವೇಕೆ ಎಂದೂ ಕೇಳಬೇಡ. ಆಳಂದದ ನಿಮ್ಮ ಮನೆಯಲ್ಲಿ ಫೋನು ಟಿ.ವಿ.ಯ ಮಗ್ಗುಲಲ್ಲೇ ಇದೆ. ನಾನು ‘ಹಲೋ’ ಅಂದೊಡನೆ ಧಾರಾವಾಹಿಯ ಸದ್ದು ತಗ್ಗಿಸಿ ಮನೆಮಂದಿಯೆಲ್ಲ ನನ್ನನ್ನೇ ಕೇಳುತ್ತ ಕೂರುತ್ತೀರಿ. ಅತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿದರೇ? ಬಿಚ್ಚಿದ ತಕ್ಷಣ ಅಳಿಯನ ಫೋಟೋ ತೋರಿಸಬೇಡ. ಹೊಸ ಕಣ್ಣು, ತಡೆಯಲಾರದು.

ಇಲ್ಲಿ ನಾವು ಕ್ಷೇಮ. ಬಾಲಾನಗರದ ಕಾರ್ಖಾನೆ ನಾನಿದ್ದೂ ನಡೆಯುತ್ತಿದೆ. ನಿನ್ನ ಮಗ ಸೂರಜ್ ಬೆಳೆಯುತ್ತಲೇ ಇದ್ದಾನೆ. ದಸರೆಗೆ ಹೊಲಿಸಿದ ಪ್ಯಾಂಟು ಆಗಲೇ ಹಿಮ್ಮಡಿಯ ಋಣ ಹರಿದುಕೊಂಡು ಮೇಲಕ್ಕೆ ಹತ್ತಿದೆ. ಹೊಸ ಬಾಚಣಿಗೆ ಅವನ ತಲೆಯಲ್ಲಿ ಮೂರು ಹಲ್ಲು ಕಳೆದುಕೊಂಡಿತು. ನಿನ್ನ ಆಜ್ಞೆಯಂತೆ ಬೆಳ್ಳಗಾಗುವ ಕ್ರೀಮನ್ನು ಎರಡು ಹೊತ್ತೂ ಹಚ್ಚಿಸುತ್ತಿದ್ದೇನೆ. ಟ್ಯೂಬು ತೆಳ್ಳಗಾಗಿದೆ, ಹುಡುಗ ಇದ್ದ ಹಾಗೆಯೇ ಇದ್ದಾನೆ.

ಈಗ ಮುಖ್ಯ ಸುದ್ದಿ. ನಮ್ಮ ಅಪಾರ್ಟ್‌ಮೆಂಟಿನ ಮೇಲೆ ನಶೆಯ ಕರಿನೆರಳು ಬಿದ್ದಿತ್ತು. ಅಸೋಸಿಯೇಷನ್ನಿನ ಕಾರ್ಯದರ್ಶಿಯಾದ ನಾನು ಅದನ್ನು ಖುದ್ದಾಗಿ ಓಡಿಸಿದೆ. ಹಾಗೆಂದು ಎಲ್ಲರೂ ಹೇಳುತ್ತಾರೆ.

ಆದದ್ದು ಇಷ್ಟು. ಹೋದ ಸೋಮವಾರ ಮುಸ್ಸಂಜೆ ಮೂರನೇ ಮಹಡಿಯ ನಳಿನಿಬಾಯಿ ಒಣಹಾಕಿದ ಬಟ್ಟೆ ತರಲು ಟೆರೇಸಿಗೆ ಹೋದರೆ, ನೀರಿನ ಟಾಕಿಯ ಮರೆಯಲ್ಲಿ ಯಾರೋ ನಿಂತು ಗಾಂಜಾ ಸೇದುತ್ತಿದ್ದನಂತೆ. ಇವರು ಚೀರಿದರು, ಅವನು ಮೆಟ್ಟಿಲಿಳಿದು ಓಡಿದ. ಮರುದಿನವೇ ಪಾರ್ಕಿಂಗಿನಲ್ಲಿ ತುರ್ತು ಸಭೆ. ಮಕ್ಕಳೂ ಬಂದು ಸ್ಕೂಟರುಗಳ ಮೇಲೆ ಕೂತಿದ್ದರು.

“ಮುಖಾ ನೋಡೀರೇನ್ರಿ?” ಎಂದು ಕೇಳಿದೆ.

“ಮುಖಾ ಯಾಕ ಬೇಕ್ರಿ? ಕರ್ರಗ, ಉದ್ದಕ, ಗುಂಗುರು ಕೂದಲಾ. ನಮ್ಮ ಬಿಲ್ಡಿಂಗಿನ್ಯಾಗ ಹಂತಾವ್ರು ಎಷ್ಟ ಮಂದಿ ಅದಾರ?”

ಹಿಂದೆ ಕೂತವರಿಗೂ ಕೇಳಿಸಲೆಂದು ಆ ಗುರುತನ್ನು ನಾನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ಎಲ್ಲರ ಕತ್ತು ನಾಲ್ಕನೇ ಮಹಡಿಯತ್ತ ತಿರುಗಿತು. ಅಲ್ಲಿ ಬಾಡಿಗೆಗಿರುವವನು ಇದ್ರಿಸ್, ಸುಡಾನ್ ದೇಶದಿಂದ ಫಾರ್ಮಸಿ ಓದಲು ಬಂದ ಹುಡುಗ.

ಅಧ್ಯಕ್ಷರಾದ ಸುಬ್ಬರಾಯರು ನಶೆಯ ಕೆಡುಕಿನ ಬಗ್ಗೆ ದೀರ್ಘ ಭಾಷಣ ಮಾಡಿದರು. ಬಾಯಲ್ಲಿ ಗುಟ್ಕಾ ಇದ್ದುದರಿಂದ ಪ್ರತಿ ಪೂರ್ಣವಿರಾಮಕ್ಕೂ ಗೇಟಿನವರೆಗೆ ಹೋಗಿ ಬರಬೇಕಾಯಿತು. ನಳಿನಿಬಾಯಿ ಇನ್ನೊಂದು ಸಾಕ್ಷ್ಯ ಕೊಟ್ಟರು: “ಕಂಡಾಗೊಮ್ಮೆ ನಮಸ್ಕಾರ ಮಾಡ್ತಾನ್ರಿ. ಅಷ್ಟ ಸಭ್ಯ ಇರಬೇಕಂದ್ರ ಏನರ ಇರಬೇಕಲ್ರಿ ಒಳಗ!”

ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗರ ಮನೆಯಿಂದ ಶನಿವಾರಕ್ಕೊಂದು ಚೀಲ ಬಿಯರ್ ಬಾಟಲಿ ಇಳಿಯುತ್ತದಲ್ಲ, ಅದು ನಶೆಯಲ್ಲವೇ ಎಂದು ನಾನು ಕುತೂಹಲಕ್ಕೆ ಕೇಳಿದೆ.

“ಅದು ನಶಾ ಅಲ್ರೀ ಮಲ್ಲಿಕಾರ್ಜುನ, ಟೆನ್ಶನ್!” ಎಂದರು ಸುಬ್ಬರಾಯರು. “ಹೈಟೆಕ್ ಸಿಟಿ ಕೆಲಸಾ ಅಂದ್ರ ಹುಡುಗಾಟಿಕಿ ಅಲ್ಲ.”

ಇದ್ರಿಸ್ ರವಿವಾರದೊಳಗೆ ಮನೆ ಬಿಡಬೇಕೆಂದು ತೀರ್ಮಾನವಾಯಿತು. ಆ ಮನೆಯ ಮಾಲೀಕರೂ ಸುಬ್ಬರಾಯರೇ. ಸಾಫ್ಟ್‌ವೇರಿನವರು ದುಪ್ಪಟ್ಟು ಬಾಡಿಗೆ ಕೊಡುವ ಈ ಕಾಲದಲ್ಲಿ ಅವರು ಅಂಥ ತ್ಯಾಗಕ್ಕೂ ಸಿದ್ಧರಾದರು.

ತೀರ್ಪು ಮುಟ್ಟಿಸುವ ಕೆಲಸ ನನ್ನದು. ನಿಜ ಹೇಳಲೇ? ಆ ಮನೆಯೊಳಗೆ ಏನು ಬೇಯುತ್ತದೆ ಎಂದು ನನಗೆ ಮೊದಲಿನಿಂದಲೂ ಕುತೂಹಲ. ಹೋದರೆ, ಅವನು ಹಂಚಿನ ಮುಂದೆ ನಿಂತು ಹುಳಿ ಬಂದ ಹಿಟ್ಟನ್ನು ತೆಳ್ಳಗೆ ಎಳೆಯುತ್ತಿದ್ದ. ಯಾವ ಹಿಟ್ಟೆಂದು ಕೇಳಿದ್ದಕ್ಕೆ ಡಬ್ಬಿ ತೆರೆದು ತೋರಿಸಿದ. ಜೋಳ, ವನಜಾ! ಬಿಳಿಜೋಳ! “ಹಮಾರೇ ಗಾಂವ್ ಮೇ ರೋಜ್ ಯಹೀ ಖಾತೇ, ಅಂಕಲ್” ಎಂದ. ಅವರೂರಿನಲ್ಲಿ ದಿನವೂ ಇದೇ ಊಟವಂತೆ, ಕಿಸ್ರಾ ಅನ್ನುತ್ತಾರಂತೆ. ಜೋಳ ತಿನ್ನುವ ಹಕ್ಕು ನಮ್ಮ ಕಡೆಯವರಿಗೆ ಮಾತ್ರ ಇದೆಯೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನಮ್ಮ ರೊಟ್ಟಿ ಕಂಬಳಿಯಾದರೆ ಅದು ಕರವಸ್ತ್ರ. ತಟ್ಟೆ ಖಾಲಿಯಾಗುವವರೆಗೂ ತಿಂದೆ. ಆಮೇಲೆ ಬಾಯಿ ಒರೆಸಿಕೊಂಡು, ಮನೆ ಬಿಡು ಎಂದೆ.

ಟೆರೇಸಿನಲ್ಲಿದ್ದವನು ನೀನೇ ಏನು ಎಂದೂ ಕೇಳಿದೆ.

“ನಹೀ ಅಂಕಲ್.”

ಮತ್ತೆ ಯಾರು?

ಅವನು ನನ್ನ ಮುಖ ನೋಡುತ್ತ ನಿಂತ. ಮರೆತ ಹೆಸರೊಂದು ನನಗೆ ತಾನಾಗಿಯೇ ನೆನಪಾಗಲಿ ಎಂದು ಕಾಯುವವನ ಹಾಗೆ. ಆಮೇಲೆ ಇನ್ನೊಂದು ಕಿಸ್ರಾ ನನ್ನ ತಟ್ಟೆಗೆ ಹಾಕಿದ.

ಇವತ್ತು ಬೆಳಿಗ್ಗೆ ಆಟೋ ಬಂತು. ಟೋಲಿಚೌಕಿಯಲ್ಲಿ ಅವನ ದೇಶದ ಗೆಳೆಯರ ಕೋಣೆಯಿದೆಯಂತೆ. ಯಾರೂ ಹೇಳದಿದ್ದರೂ ಸೂರಜ್ ಅವನ ಟ್ರಂಕನ್ನು ನಾಲ್ಕು ಮಹಡಿ ಹೊತ್ತು ಇಳಿಸಿದ. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಗೇಟಿನ ಬಳಿಯೇ ನಿಂತಿದ್ದ. ನಿನ್ನ ಮಗನದು ಬೆಣ್ಣೆಯಂಥ ಮನಸ್ಸು. ನನ್ನ ಕಡೆಯಿಂದ ಬಂದಿರಬೇಕು.

ಅತ್ತೆಯವರಿಗೆ ನಮಸ್ಕಾರ, ನಿನಗೆ ಮತ್ತೊಂದು ಕಂತು ಆಶೀರ್ವಾದ. ದೃಷ್ಟಿ ಅವರಿಗೆ ಬರಲಿ, ದಯಾದೃಷ್ಟಿ ನಿನಗೆ ಬರಲಿ.

ಇಂತು ನಿನ್ನ,
ಮಲ್ಲಿಕಾರ್ಜುನ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಸೂರಜ್ ಬಂದು ಎದುರಿಗೆ ಕೂತ.

“ಅಪ್ಪಾ, ಟಾಕಿ ಹತ್ರ ಇದ್ದಾಂವ ನಾ.”

ದಸರೆಯಿಂದ ಸೇದುತ್ತಿದ್ದಾನಂತೆ, ಕಾಲೇಜಿನ ಗೆಳೆಯರ ಜೊತೆ ಶುರುವಾದದ್ದು. ಇದ್ರಿಸ್ ಹಿಂದೊಮ್ಮೆ ಇವನನ್ನು ಹಿಡಿದು, ಬೈದು, ಕೈಯಲ್ಲಿದ್ದುದನ್ನು ಕಿತ್ತು ಎಸೆದಿದ್ದನಂತೆ. ಇವತ್ತು ಆಟೋ ಹತ್ತುವಾಗ, “ನಾನು ಹೇಳಿದರೆ ಯಾರೂ ನಂಬುವುದಿಲ್ಲ, ನೀನೇ ಹೇಳು” ಅಂದನಂತೆ.

ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಹುಡುಗ ಕೇಳಿದ: “ಮೀಟಿಂಗ್‌ನ್ಯಾಗ ನಾ ನಿನ್ನ ಎದುರಿಗೇ ಕೂತಿದ್ನಿ. ಕರ್ರಗ, ಉದ್ದಕ, ಗುಂಗುರು ಕೂದಲಾ ಅಂತ ನೀನ ಒದರಿದಿ. ನಿನಗ ಒಂದ್ಸಲನೂ ನನ್ನ ನೆನಪ ಆಗಲಿಲ್ಲೇನು?”

ಅದರಲ್ಲಿ ಸಿಟ್ಟಿರಲಿಲ್ಲ, ವನಜಾ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ. ‘ನೀ ಅಷ್ಟೇನ ಕರ್ರಗಿಲ್ಲಪಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿದೆ. ಎತ್ತಿದ ಕೈಯನ್ನು ಇಳಿಸಿದೆ.

ನಾಳೆ ರಜೆ ಹಾಕುತ್ತೇನೆ. ಅಪ್ಪ ಮಗ ಇಬ್ಬರೂ ಇದ್ರಿಸ್‌ನನ್ನು ಹುಡುಕಿಕೊಂಡು ಟೋಲಿಚೌಕಿಗೆ ಹೋಗುತ್ತೇವೆ. ಸಂಜೆ ಮತ್ತೆ ಪಾರ್ಕಿಂಗಿನಲ್ಲಿ ಸಭೆ. ಆ ಗುರುತು ಯಾರದೆಂದು ನಾನೇ ಹೇಳುತ್ತೇನೆ.

ನೀನು ಬೇಗ ಬಾ. ಬರುವಾಗ ಊರಿನ ಜೋಳ ತಾ. ಕ್ರೀಮು ತರಬೇಡ.