ಎಡಗೈಗೆ ಒಗ್ಗಿದ ಚಾಕು

ಪ್ರೀತಿಯ ದೊಡ್ಡಕ್ಕಾ,

ನಿಮ್ಮ ಕಾಗದ ಸೋಮವಾರ ಕೈ ಸೇರಿತು. ನನ್ನನ್ನು ನಕ್ಷೆ ವಿಭಾಗದಿಂದ ಎತ್ತಿ ಬಾಗಿಲ ಬಳಿಯ ವಿಚಾರಣೆ ಮೇಜಿಗೆ ಹಾಕುತ್ತಾರಂತೆ ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ. "ನಾನೇ ಬಂದು ಸಾಹೇಬರ ಹತ್ರ ಮಾತಾಡ್ತೀನಿ, ನೀನು ತಲೆ ಕೆಡಿಸ್ಕೋಬೇಡ" ಎಂದು ಬರೆದಿದ್ದೀರಿ. ನಿವೃತ್ತಿಯಾಗಿ ಮೂರು ತಿಂಗಳಾದರೂ ನನ್ನ ಪರವಾಗಿ ಜಗಳಕ್ಕೆ ನಿಲ್ಲುವ ನಿಮ್ಮ ಹುಮ್ಮಸ್ಸು ನೋಡಿ ನಗು ಬಂತು, ಕಾಗದವನ್ನು ಎರಡು ಸಲ ಓದಿದೆ. ಆದರೆ ಅದಕ್ಕಾಗಿ ಬರಬೇಡಿ. ವಿಷಯ ಇತ್ಯರ್ಥವಾಗಿದೆ. ಹೇಗೆಂಬುದನ್ನು ನನ್ನ ಬಾಯಿಂದಲೇ ಕೇಳಿ.

ಒಂಬತ್ತು ವರ್ಷ ನಾವಿಬ್ಬರೂ ಅಕ್ಕಪಕ್ಕದಲ್ಲಿ ಕೂತೆವು. ಟೇಪು ಸುತ್ತಿದ ರಟ್ಟಿನ ಕೊಳವೆಗಳಲ್ಲಿ ನಕ್ಷೆಗಳು ಬರುತ್ತಿದ್ದವು. ನೀವು ಟೇಪು ಕತ್ತರಿಸಿ ಮುಚ್ಚಳ ತೆಗೆಯುತ್ತಿದ್ದಿರಿ. ನಾನು ನಕ್ಷೆ ಹರಡಿ, ಗಡಿಗಳನ್ನು ಓದಿ, ಹಳೆಯದರ ಜೊತೆ ಹೋಲಿಸಿ, ಪಟ್ಟಿಗೆ ಸೇರಿಸುತ್ತಿದ್ದೆ. ಆ ಬಸ್ಸಿನ ಅಪಘಾತದ ನಂತರ ನನ್ನ ಬಲಗೈ ಭುಜದಿಂದ ನೇತಾಡುತ್ತದೆಯೇ ಹೊರತು ಏನನ್ನೂ ಹಿಡಿಯುವುದಿಲ್ಲ. ಆಫೀಸಿನವರು ನಮ್ಮ ಜಾಗಕ್ಕೆ ಮೂರು ಕೈಯ ಮೇಜು ಎಂದು ಹೆಸರಿಟ್ಟಿದ್ದರು. ಮೊದಲು ನಕ್ಕವರು ನೀವೇ, ಆಮೇಲೆ ನಾನು.

ನೀವು ಹೋದ ಮರುದಿನ ಹತ್ತೊಂಬತ್ತು ಕೊಳವೆ ಬಂದವು. ಕತ್ತರಿ ತೆಗೆದುಕೊಂಡೆ. ಅದು ಬಲಗೈಯವರಿಗೆ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಟೇಪನ್ನು ಕತ್ತರಿಸುವ ಬದಲು ನಡುವೆ ಮಡಚಿ ಕೂರಿಸುತ್ತದೆ. ಕಾಗದ ಕತ್ತರಿಸುವ ಕಟರ್‌ನಿಂದ ಪ್ರಯತ್ನಿಸಿದೆ. ಅದರ ತೆಳು ಬ್ಲೇಡು ಮುರಿದು ಕನ್ನಡಕಕ್ಕೆ ಬಡಿಯಿತು. ಕೊನೆಗೆ ಹಲ್ಲು ಹಾಕಿದೆ, ಯಾರೂ ನೋಡದ ಹಾಗೆ. ಎದುರು ಮೇಜಿನವರನ್ನು ಕೇಳಿದರೆ ಐದು ನಿಮಿಷ ಅನ್ನುತ್ತಿದ್ದರು, ಆ ಐದು ನಿಮಿಷ ಊಟದ ಹೊತ್ತು ಮುಟ್ಟುತ್ತಿತ್ತು. ಅವರದೇನೂ ತಪ್ಪಲ್ಲ, ಅವರಿಗೂ ಕೆಲಸವಿರುತ್ತದೆ. ಮೂರನೇ ವಾರಕ್ಕೆ ಕೊಳವೆಗಳು ಗೋಡೆಗೆ ಒರಗಿ ಸೌದೆ ಒಟ್ಟಿದಂತೆ ನಿಂತವು.

ಸಾಹೇಬರು ಕರೆದರು. ಗದರಲಿಲ್ಲ. ಅದೇ ಕಷ್ಟವಾದದ್ದು. "ವಿಚಾರಣೆ ಮೇಜಲ್ಲಿ ಫೋನ್ ಎತ್ತೋದು, ಬಂದವ್ರಿಗೆ ದಾರಿ ಹೇಳೋದು, ಅಷ್ಟೇ. ನಿಮಗೂ ಸುಲಭ ಆಗುತ್ತೆ" ಎಂದರು. ಆ ಸುಲಭ ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಹದಿನೈದು ದಿನ ಸಮಯ ಕೊಡಿ ಎಂದು ಕೇಳಿ ಎದ್ದು ಬಂದೆ.

ಶನಿವಾರ ಚಾಕು, ಕತ್ತರಿ ಮಾರುವ ಅಂಗಡಿಗೆ ಹೋದೆ, ಅಂಚೆ ಕಚೇರಿ ಎದುರಿನ ಉದ್ದನೆಯ ಇಕ್ಕಟ್ಟಾದ ಅಂಗಡಿ. ಅಂಗಡಿಯವರು ಅರವತ್ತು ದಾಟಿದವರು. ಮೊದಲು ತೋರಿಸಿದ್ದು ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚಿಕೊಳ್ಳುವ ಕರೀ ಚಾಕು. ಪಕ್ಕದಲ್ಲಿದ್ದ ಗಿರಾಕಿ ಬೆಚ್ಚಿ ತಿರುಗಿದ. ಇದನ್ನು ಆಫೀಸಿನಲ್ಲಿ ತೆಗೆದರೆ ನನ್ನ ಸುತ್ತ ಒಂದು ಮಾರು ಜಾಗ ಖಾಲಿಯಾಗುತ್ತದೆ ಎಂದೆ. ಇನ್ನೊಂದನ್ನು ಉಗುರು ಸಿಕ್ಕಿಸಿ ಎಳೆದು ಬಿಚ್ಚಬೇಕು, ಅದಕ್ಕೆ ಎರಡು ಕೈ ಬೇಕು. ಮತ್ತೊಂದು ಎಡಗೈಯಲ್ಲಿ ಸಲೀಸಾಗಿ ಬಿಚ್ಚಿಕೊಂಡಿತು, ಮುಚ್ಚಲು ಬರಲಿಲ್ಲ. ಹಿಡಿಯ ಒಳಗಿನ ತಗಡನ್ನು ಪಕ್ಕಕ್ಕೆ ಒತ್ತಿದರೆ ಮಾತ್ರ ಅಲಗು ಮಡಚುತ್ತದೆ, ಆ ತಗಡು ಬಲಗೈ ಹೆಬ್ಬೆರಳಿಗೆ ಸಿಗುವ ಹಾಗಿದೆ. ಹಟ ಬಿಡದೆ ಒತ್ತಿದೆ. ಅಲಗು ಬೆರಳ ಮೇಲೆ ಮಡಚಿತು. ರಕ್ತ ಗಾಜಿನ ಮೇಲೆ ಹನಿಯಿತು. ಅವರು ಬಟ್ಟೆ ಸುತ್ತಿ, ಇವತ್ತಿಗೆ ಸಾಕು, ಬುಧವಾರ ಬನ್ನಿ ಎಂದರು. ನಾಚಿಕೆಯಾಗಿ, ಇನ್ನು ಈ ಕಡೆ ತಲೆ ಹಾಕಬಾರದು ಅನ್ನಿಸಿತ್ತು. ಆದರೂ ಹೋದೆ.

ಬುಧವಾರ ಹೋದಾಗ ಅವರು ಬಲಗೈಯನ್ನು ಜೇಬಿಗೆ ಹಾಕಿಕೊಂಡು ನಿಂತಿದ್ದರು. "ಎರಡು ದಿನದಿಂದ ಎಡಗೈಯಲ್ಲೇ ಎಲ್ಲಾ ಬಿಚ್ಚಿ ಮುಚ್ಚಿ ನೋಡ್ದೆ ತಾಯಿ. ಅಂಗಡೀಲಿರೋ ಮುಕ್ಕಾಲು ಚಾಕು ನಮ್ಮಂಥೋರಿಗಲ್ಲ ಬಿಡಿ" ಎಂದು ಒಂದು ಚಿಕ್ಕ ಡಬ್ಬಿ ಮುಂದಿಟ್ಟರು. ನಮ್ಮಂಥೋರಿಗೆ ಅಂದರು, ದೊಡ್ಡಕ್ಕ. ಎಷ್ಟೋ ವರ್ಷದ ನಂತರ ಯಾರೋ ನನ್ನ ಕಡೆಗೆ ಬಂದು ನಿಂತ ಹಾಗಾಯಿತು.

ಬೂದು ಬಣ್ಣದ, ಮಡಚಿದರೆ ಲಿಪ್‌ಸ್ಟಿಕ್ಕಿನಷ್ಟು ಉದ್ದದ ಚಾಕು. ಹಿಡಿ ಟೈಟಾನಿಯಂ, ಅಲಗು ತುಕ್ಕು ಹಿಡಿಯದ ಉಕ್ಕು. ಟೈಟಾನಿಯಂ ಯಾಕೆ ಎಂದು ಕೇಳಿದೆ. ಹಗುರ, ಜೇಬು ಜಗ್ಗುವುದಿಲ್ಲ, ಬೆವರು ಕೈಯಲ್ಲಿ ಹಿಡಿದರೂ ಕಲೆಯಾಗುವುದಿಲ್ಲ ಎಂದರು. ಅಲಗಿನಲ್ಲಿ ಒಂದು ದುಂಡು ತೂತು, ಅದಕ್ಕೆ ಹೆಬ್ಬೆರಳು ಕೊಟ್ಟು ತಳ್ಳಿದರೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಮುಚ್ಚಲು ಹಿಡಿಯ ಎರಡೂ ಪಕ್ಕಕ್ಕೆ ಚಾಚಿದ ಒಂದು ಸಣ್ಣ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಸಾಕು, ಯಾವ ಕೈಯಾದರೂ ಆದೀತು. ಅಲಗು ನನ್ನ ಕಿರುಬೆರಳಿಗಿಂತ ಗಿಡ್ಡ, ತುದಿ ಚೂಪಿಲ್ಲದೆ ಮೊಂಡಾಗಿ ಬಾಗಿದೆ. ನಕ್ಷೆಗೆ ಚುಚ್ಚುವ ಭಯ ಕಡಿಮೆ. ಇಪ್ಪತ್ತು ಸಲ ಬಿಚ್ಚಿದೆ, ಇಪ್ಪತ್ತು ಸಲ ಮುಚ್ಚಿದೆ. ಇಪ್ಪತ್ತೊಂದನೆಯ ಸಲ ನನ್ನ ಕೈ ಕಡೆ ನೋಡಲೇ ಇಲ್ಲ.

ಗುರುವಾರ ಸಾಹೇಬರಿಗೆ ತೋರಿಸಿ ಅನುಮತಿ ಬರೆಸಿಕೊಂಡೆ. ಅವರು ಅದನ್ನು ತಿರುಗಿಸಿ ನೋಡಿ, ಪೆನ್ನಿನ ಹಾಗಿದೆಯಲ್ಲ ಎಂದರು. ನಿಷ್ಕ್ರಿಯ ಎಂದು ಡಾಕ್ಟರು ಬರೆದ ಬಲಗೈಯನ್ನು ಕೊಳವೆಯ ಮೇಲೆ ಭಾರಕ್ಕೆ ಇಟ್ಟು, ಎಡಗೈಯಲ್ಲಿ ಟೇಪು ಸೀಳಿದೆ. ನಾಲ್ಕು ದಿನದಲ್ಲಿ ಗೋಡೆಯ ಪಕ್ಕದ ರಾಶಿ ಅರ್ಧಕ್ಕಿಳಿಯಿತು. ಆ ಸಂಭ್ರಮದಲ್ಲಿ ಐದನೇ ದಿನ ಅವಸರ ಮಾಡಿದೆ. ಒಂದು ಕೊಳವೆಯೊಳಗೆ ಹಳೆಯ ನಕ್ಷೆ ಬಾಯಿಯವರೆಗೂ ತುಂಬಿತ್ತು. ಮುಚ್ಚಳದ ಸಂದಿಯಲ್ಲಿ ಅಲಗು ಆಳಕ್ಕೆ ಹೋಗಿ ನಕ್ಷೆಯ ಅಂಚು ಉಗುರಿನಷ್ಟು ಸೀಳಿತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ನೀವು ಮೂರು ದಿನ ರಜೆ ಹಾಕಿದ್ದಿರಿ. ಆಗ ಬಂದ ಕೊಳವೆಗಳನ್ನು ಬಿಚ್ಚಲಾಗದೆ, ಬಿಚ್ಚಿಕೊಡಿ ಎಂದು ಕೇಳಲಾಗದೆ ಮೇಜಿನ ಕೆಳಗೆ ತಳ್ಳಿದ್ದೆ. ತನ್ನ ಮನೆಯ ನಕ್ಷೆಗಾಗಿ ಒಬ್ಬ ಅಜ್ಜಿ ಎರಡು ದಿನ ಬಂದಳು. ಇನ್ನೂ ಬಂದಿಲ್ಲಮ್ಮ ಎಂದು ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಅದು ನನ್ನ ಕಾಲ ಬಳಿಯೇ ಇತ್ತು. ವಾಪಸ್ ಬಂದ ದಿನ ನೀವು ಬಗ್ಗಿ ನೋಡಿದಿರಿ, ನನ್ನ ಮುಖ ಮಾತ್ರ ನೋಡಲಿಲ್ಲ. ಮಧ್ಯಾಹ್ನದೊಳಗೆ ಎಲ್ಲವನ್ನೂ ಬಿಚ್ಚಿಟ್ಟಿರಿ. ಒಂದು ಮಾತೂ ಕೇಳಲಿಲ್ಲ. ನನ್ನನ್ನು ಕಾಪಾಡಿದಿರಿ, ನಿಜ. ಆದರೆ ಅಂದು ನೀವು ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಕ್ಕೂ ಯೋಗ್ಯಳಲ್ಲವೇನೋ ಎಂದು ಎಷ್ಟೋ ದಿನ ಕೊರಗಿದ್ದೇನೆ. ನನ್ನ ಊಟದ ಡಬ್ಬಿಯ ಮುಚ್ಚಳವನ್ನು ನಾನು ಕೈ ಚಾಚುವ ಮೊದಲೇ ನೀವು ತೆಗೆದಿಡುತ್ತಿದ್ದಿರಲ್ಲ, ಅದಕ್ಕೂ ಒಳಗೊಳಗೇ ಸಿಟ್ಟಿತ್ತು. ಸಿಟ್ಟೂ ಇತ್ತು, ನೀವಿಲ್ಲದಿದ್ದರೆ ಆ ಆಫೀಸಿನಲ್ಲಿ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಇರಲಿಲ್ಲ.

ಸೀಳಿದ ನಕ್ಷೆಯನ್ನು ಕಪಾಟಿನ ತಳಕ್ಕೆ ಸೇರಿಸಿದ್ದರೆ ಹತ್ತು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದನ್ನು ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದೆ. "ನನ್ನ ಚಾಕು ತಾಗಿ ಹರೀತು ಸಾರ್. ಅವಸರ ಮಾಡ್ದೆ" ಎಂದೆ. ಅವರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹದಿನೈದು ದಿನ ಮುಗಿಯಲು ಇನ್ನೆರಡೇ ದಿನವಿತ್ತು. ಮುಗಿಯಿತು ಅಂದುಕೊಂಡೆ. ಆದರೂ ವಿಚಿತ್ರ, ನೆಟ್ಟಗೆ ನಿಂತಿದ್ದೆ. ಹಾಳು ಮಾಡಿದವಳೂ ನಾನೇ, ಒಪ್ಪಿಕೊಂಡವಳೂ ನಾನೇ, ಮಧ್ಯೆ ಬೇರೆ ಯಾರೂ ಇರಲಿಲ್ಲ.

"ಈ ವಿಭಾಗದಲ್ಲಿ ನಕ್ಷೆ ಹರಿದಿರೋದು ಇದೇ ಮೊದಲಲ್ಲ. ಹೇಳಿದ್ದು ನೀವೇ ಮೊದಲು" ಎಂದರು. ಅಂಚಿಗೆ ತೆಳುಕಾಗದ ಅಂಟಿಸಲು ಕಳಿಸಿದರು, ದೋಷದ ಪುಸ್ತಕದಲ್ಲಿ ನನ್ನ ಹೆಸರು ಬರೆಸಿದರು. ನಾನು ಬಾಗಿಲು ದಾಟುವಾಗ, ವಿಚಾರಣೆ ಮೇಜಿಗೆ ಬೇರೆಯವರನ್ನು ನೋಡುತ್ತೇನೆ ಎಂದು ತಲೆಯೆತ್ತದೆ ಹೇಳಿದರು. ಈಗ ಮುಚ್ಚಳದ ಸಂದಿಗೆ ಅಲಗು ಹಾಕುವುದಿಲ್ಲ, ಟೇಪಿನ ತುದಿಗಳು ಕೂಡುವ ಕಡೆ ಮೇಲಿಂದ ಮೇಲೆ ಅಡ್ಡಡ್ಡ ಎಳೆಯುತ್ತೇನೆ. ಆಮೇಲೆ ಒಂದೂ ಹರಿದಿಲ್ಲ. ನಿನ್ನೆ ಇಪ್ಪತ್ತೆರಡು ಬಂದವು, ನಾಲ್ಕು ಗಂಟೆಗೆ ಇಪ್ಪತ್ತೆರಡೂ ಪಟ್ಟಿ ಸೇರಿದವು.

ಅದಕ್ಕೇ ಜಗಳಕ್ಕೆ ಬರಬೇಡಿ ಎಂದದ್ದು. ಸುಮ್ಮನೆ ಬನ್ನಿ. ಯಾವ ದಿನವಾದರೂ ಸರಿ, ಹನ್ನೊಂದರ ಮೇಲೆ. ಬಂದವರ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸುತ್ತೇನೆ. ನೀವು ಕೈ ಕಟ್ಟಿಕೊಂಡು ಕೂತು, ನಾನು ಕೆಲಸ ಮಾಡುವುದನ್ನು ನೋಡಬೇಕು. ನನಗೆ ತಡವಾದರೂ, ಜಾರಿದರೂ, ಏಳಬಾರದು. ನಿಮಗೆ ಎಷ್ಟು ಕಷ್ಟವಾಗುತ್ತದೆಂದು ಬಲ್ಲೆ. ನನಗೋಸ್ಕರ ಇಷ್ಟೆಲ್ಲ ಮಾಡಿದವರು, ಅದೊಂದನ್ನೂ ಮಾಡಿ.

ನಿಮ್ಮ ಹೊಟ್ಟೆ ತಣ್ಣಗಿರಲಿ, ಕೈಗಳು ಇನ್ನಾದರೂ ಸ್ವಲ್ಪ ಸುಮ್ಮನಿರಲಿ.

ಇಂತು,
ನಿಮ್ಮ ಪಕ್ಕದ ಮೇಜಿನವಳು